ಗಾಜಿನ ಮನೆಯೊಳಗಿನ 20 ಗುಂಟೆ: ಬಯೋಸ್ಫಿಯರ್-2 ನೋಡಿ ಬಂದ ಮೇಲೆ ಪಾಲಿಹೌಸ್ ರೈತರಿಗೆ ನಾಲ್ಕು ಮಾತು

ಪಾಲಿಹೌಸ್ ಬಗ್ಗೆ ನನಗೆ ವಾರಕ್ಕೆ ನಾಲ್ಕೈದು ಕರೆಯಾದ್ರೂ ಬರ್ತವೆ. ಹೆಚ್ಚಿನವರು ಕೇಳೋದು ಒಂದೇ: "ಸರ್, ಪಾಲಿಹೌಸ್ ಹಾಕಿದ್ರೆ ಮಳೆ, ಹುಳ, ರೋಗ ಯಾವ್ದರ ಚಿಂತೆನೂ ಇರಲ್ವಂತೆ, ಹೌದಾ?" ಮೊಬೈಲ್‌ನಲ್ಲಿ ಬರೋ ವಿಡಿಯೋಗಳು ಹಾಗೇ ಹೇಳ್ತವೆ. ಸಾಲದ ಅರ್ಜಿ ತುಂಬುವ ಮೊದಲು ಈ ವಾರದ ಲೇಖನ ಒಮ್ಮೆ ಓದಿ. ಯಾಕಂದ್ರೆ ಹೊರಗಿನ ಗಾಳಿಯನ್ನೂ ಬಿಡದೆ, ಎಲ್ಲವನ್ನೂ ಗಾಜಿನೊಳಗೆ ಮುಚ್ಚಿ, ಅರ್ಧ ಎಕರೆಯಲ್ಲಿ ಎಂಟು ಜನರ ಊಟ ಬೆಳೆಯಲು ಹೊರಟ ಜಾಗವೊಂದನ್ನು ನಾನು ಎರಡು ಸಲ ನೋಡಿ ಬಂದಿದ್ದೇನೆ. ಅಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ, ತಜ್ಞರಿಗೂ ಕೊರತೆ ಇರಲಿಲ್ಲ. ಆದರೂ ಕೊನೆಗೆ ಹೊರಗಿನಿಂದ ಆಮ್ಲಜನಕ ತಂದು ತುಂಬಬೇಕಾಯಿತು.

ಆ ಜಾಗದ ಹೆಸರು ಬಯೋಸ್ಫಿಯರ್-2. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಟ್ಯೂಸಾನ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಹೋದರೆ ಆರಕಲ್ ಅಂತ ಸಣ್ಣ ಊರು. ಅದರ ಹತ್ತಿರ, ಬೆಟ್ಟದ ತಪ್ಪಲಿನ ಮರುಭೂಮಿಯಲ್ಲಿ 3.14 ಎಕರೆಯ ಗಾಜಿನ ಕಟ್ಟಡ. 1987ರಲ್ಲಿ ಶುರುವಾಗಿ 1991ಕ್ಕೆ ಮುಗಿಯಿತು. ಖರ್ಚು 15 ಕೋಟಿ ಡಾಲರ್ ಆಸುಪಾಸು, ಹಣ ಹಾಕಿದವರು ಎಡ್ ಬಾಸ್ ಎಂಬ ಟೆಕ್ಸಾಸಿನ ಶ್ರೀಮಂತರು. "ಹಾಗಾದ್ರೆ ಬಯೋಸ್ಫಿಯರ್-1 ಎಲ್ಲಿದೆ?" ಅಂತ ಕೇಳ್ತೀರಿ. ನಾವು ನಿಂತಿರೋ ಭೂಮಿಯೇ ಒಂದನೇದು. ಒಳಗೆ ಮಳೆಕಾಡು, ಹುಲ್ಲುಗಾವಲು, ಮರುಭೂಮಿ, ಮ್ಯಾಂಗ್ರೋವ್ ಜೌಗು, ಹವಳವಿರುವ ಚಿಕ್ಕ ಸಮುದ್ರ, ಜನರ ವಸತಿ, ಜೊತೆಗೊಂದು ಹೊಲ. ಬೇರೆ ಗ್ರಹಕ್ಕೆ ಹೋದರೆ ಮನುಷ್ಯ ಹೀಗೆ ಬದುಕಬಹುದಾ ಅನ್ನೋದು ಅವರ ಪ್ರಶ್ನೆ. 1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದದ್ದು ಸರಿಯಾಗಿ ಎರಡು ವರ್ಷಕ್ಕೆ.

ಈಗ ಅದು ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ. ಟಿಕೆಟ್ ತಗೊಂಡು ಯಾರು ಬೇಕಾದ್ರೂ ನೋಡಬಹುದು. 2014ರಲ್ಲಿ ನಾನು ಹೋದಾಗ ಗೈಡ್ ಒಬ್ಬರ ಹಿಂದೆ ಗುಂಪಾಗಿ ನಡೆದಿದ್ದೆವು. ಕಳೆದ ವರ್ಷ ಹೋದಾಗ ನಮ್ಮ ಫೋನಿಗೇ ಆ್ಯಪ್ ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ನಮ್ಮ ಪಾಡಿಗೆ ನಾವು ಸುತ್ತುವ ವ್ಯವಸ್ಥೆ ಇತ್ತು. ನನಗೆ ಇದೇ ಅನುಕೂಲ. ಹೊಲ ಇದ್ದ ಜಾಗದಲ್ಲಿ ಬೇಕಾದಷ್ಟು ಹೊತ್ತು ನಿಲ್ಲಬಹುದು, ಹಿಂದಿನಿಂದ ಯಾರೂ ಅವಸರ ಮಾಡಲ್ಲ.

ಅಲ್ಲಿ ಏನು ಬೆಳೆದರು?

ಹೊಲದ ಅಳತೆ ಸುಮಾರು ಅರ್ಧ ಎಕರೆ. ನಮ್ಮ ಲೆಕ್ಕದಲ್ಲಿ 20 ಗುಂಟೆ. ಭತ್ತ, ಗೋಧಿ, ಗೆಣಸು, ಬೀಟ್‌ರೂಟ್, ಕಡಲೆಕಾಯಿ, ಬಾಳೆ, ಪಪ್ಪಾಯಿ, ಅಲಸಂದೆ. ಇನ್ನೊಂದು ಬೆಳೆ ಕೇಳಿದರೆ ಖುಷಿ ಆಗುತ್ತೆ: ನಮ್ಮ ಅವರೆ! ಭತ್ತದ ಗದ್ದೆಯ ನೀರಲ್ಲಿ ಅಜೋಲಾ, ಅದರ ಜೊತೆ ತಿಲಾಪಿಯಾ ಮೀನು. ಹಾಲಿಗೆ ಗಿಡ್ಡ ತಳಿಯ ಆಫ್ರಿಕನ್ ಮೇಕೆ, ಮೊಟ್ಟೆಗೆ ಭಾರತದ ಕಾಡುಕೋಳಿ ರಕ್ತ ಬೆರೆತ ಕೋಳಿಗಳು, ಒಂದೆರಡು ಹಂದಿ. ರಾಸಾಯನಿಕ ಕೀಟನಾಶಕ ಹೊಡೆಯುವಂತಿಲ್ಲ, ಯಾಕಂದ್ರೆ ಹೊಡೆದದ್ದು ಅದೇ ಗಾಳಿಗೆ, ಅದೇ ಕುಡಿಯುವ ನೀರಿಗೆ ವಾಪಸ್ ಬರುತ್ತೆ.

ಸಮಗ್ರ ಕೃಷಿ ಅಂತ ನಾವು ಏನು ಹೇಳ್ತೀವೋ ಅದೇ, ಇನ್ನೂ ಬಿಗಿಯಾಗಿ. ಎಂಟು ಜನರಿಗೆ ಬೇಕಾದ ಆಹಾರದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಆ 20 ಗುಂಟೆಯಲ್ಲೇ ಬಂತು. ಇದನ್ನು ಸೋಲು ಅಂತ ಬರೆದವರು ಬಹಳ. ನಾನಂತೂ ಹಾಗನ್ನಲ್ಲ. 20 ಗುಂಟೆಯಲ್ಲಿ ಎಂಟು ಹೊಟ್ಟೆಗೆ ಅಷ್ಟು ಒದಗಿಸೋದು ಸುಲಭದ ಮಾತಾ? ಆದರೆ ಹಸಿವು ಇತ್ತು. ಸರಾಸರಿ ನೂರಕ್ಕೆ 16ರಷ್ಟು ತೂಕ ಇಳಿದರು. ಬಾಳೆಹಣ್ಣಿಟ್ಟ ಕೋಣೆಗೆ ಬೀಗ ಹಾಕಬೇಕಾಯಿತು. ತಂಡದಲ್ಲಿದ್ದ ಜೇನ್ ಪಾಯಿಂಟರ್ ಆಮೇಲೆ ಹೇಳಿದ್ದಾರೆ, ಒಂದು ಪಿಜ್ಜಾ ಮಾಡೋಕೆ ನಾಲ್ಕು ತಿಂಗಳು ಹಿಡೀತಿತ್ತು ಅಂತ. ಗೋಧಿ ಬಿತ್ತಿ, ಕೊಯ್ದು, ಬೀಸಿ, ಮೇಕೆ ಹಾಲು ಕರೆದು ಗಿಣ್ಣು ಮಾಡುವಷ್ಟರಲ್ಲಿ ಅಷ್ಟು ದಿನ.

ಇಳುವರಿ ಕಡಿಮೆ ಆಗಲು ಮೊದಲ ಕಾರಣ ಬೆಳಕು. ಗಾಜು, ಅದನ್ನು ಹೊತ್ತ ಕಬ್ಬಿಣದ ಚೌಕಟ್ಟು ಎರಡೂ ಸೇರಿ ಬಿಸಿಲಿನ ಅರ್ಧದಷ್ಟನ್ನು ತಡೆದವು. ಅದರ ಮೇಲೆ ಆ ಎರಡು ಚಳಿಗಾಲಗಳಲ್ಲಿ ಎಲ್ ನಿನೊ ಕಾರಣಕ್ಕೆ ಮೋಡ ಹೆಚ್ಚು. ನಿಮ್ಮ ಪಾಲಿಹೌಸ್ ಹಾಳೆಗೂ ಇದೇ ಮಾತು. ಹೊಸದರಲ್ಲಿ ಬೆಳಕು ಚೆನ್ನಾಗಿ ಬಿಡುತ್ತೆ, ಆಮೇಲೆ ಧೂಳು, ಪಾಚಿ ಕೂತು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತೆ. ಮಳೆಗಾಲ ಮುಗಿದ ಮೇಲೆ ಹಾಳೆ ತೊಳೆಯೋದು ಎಷ್ಟು ಜನ ಮಾಡ್ತೀರಿ?

ಆಮ್ಲಜನಕ ಎಲ್ಲಿಗೆ ಹೋಯ್ತು?

ಇದು ನನಗೆ ಅಲ್ಲಿನ ಎಲ್ಲಕ್ಕಿಂತ ದೊಡ್ಡ ಪಾಠ. ಅದಕ್ಕೇ ನಿಧಾನವಾಗಿ ಹೇಳ್ತೀನಿ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಭಾಗ. ಬಾಗಿಲು ಹಾಕಿದ ದಿನ ಒಳಗೂ ಅಷ್ಟೇ ಇತ್ತು. 16 ತಿಂಗಳಾಗುವಷ್ಟರಲ್ಲಿ ಅದು 14.5ರ ಹತ್ತಿರಕ್ಕೆ ಇಳಿಯಿತು. 4,000 ಮೀಟರ್ ಎತ್ತರದ ಬೆಟ್ಟದ ಮೇಲೆ ಉಸಿರಾಡಿದ ಹಾಗೆ, ಲೇಹ್ ಪಟ್ಟಣಕ್ಕಿಂತ ಎತ್ತರ. ಒಳಗಿನವರಿಗೆ ಮೆಟ್ಟಿಲು ಹತ್ತೋಕೆ ಸುಸ್ತು, ರಾತ್ರಿ ಸರಿಯಾಗಿ ನಿದ್ದೆ ಇಲ್ಲ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿದರು.

ತಿಂದದ್ದು ಯಾರು? ಎಂಟು ಜನರಾ, ಮೇಕೆಗಳಾ? ಅವರೆಲ್ಲ ಸೇರಿ ತಿಂದದ್ದು ಅಲ್ಪ. ನಿಜವಾಗಿ ತಿಂದದ್ದು ಮಣ್ಣು. ಬೆಳೆ ಚೆನ್ನಾಗಿ ಬರಲಿ ಅಂತ ಹತ್ತಿರದ ದನದ ಕಟ್ಟೆಯ ಹೂಳಿಗೆ ಪೀಟ್ ಮತ್ತು ಕಾಂಪೋಸ್ಟ್ ಬೆರೆಸಿ, ಸಾವಯವ ಅಂಶ ತುಂಬಿದ ಮಣ್ಣನ್ನು ಆಳಕ್ಕೆ ಹಾಕಿದ್ದರು. ನಾವು ಕೆರೆ ಹೂಳು, ಕೊಟ್ಟಿಗೆ ಗೊಬ್ಬರ ಹೊಡೆಸ್ತೀವಲ್ಲ, ಹಾಗೇ. ಆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಗೊಬ್ಬರ ತಿನ್ನುತ್ತಾ ಆಮ್ಲಜನಕ ಒಳಗೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಗಿಡಗಳು ಹಗಲಲ್ಲಿ ಅದನ್ನು ಹೀರಿ ಆಮ್ಲಜನಕ ವಾಪಸ್ ಕೊಡಬೇಕು, ಕೊಟ್ಟವು ಕೂಡ. ಆದರೆ ಮಣ್ಣಿನ ವೇಗಕ್ಕೆ ಗಿಡಗಳು ಸಾಟಿಯಾಗಲಿಲ್ಲ. ಒಳಗಿನ ಇಂಗಾಲದ ಡೈಆಕ್ಸೈಡ್ ಒಂದೇ ದಿನದಲ್ಲಿ 600 ಪಿಪಿಎಂ ಏರಿಳಿಯುತ್ತಿತ್ತು. ಬೇಸಿಗೆಯಲ್ಲಿ 1,000 ಪಿಪಿಎಂ ಹತ್ತಿರ, ಚಳಿಗಾಲದಲ್ಲಿ 4,000 ದಾಟುತ್ತಿತ್ತು.

ಇಲ್ಲೊಂದು ಒಗಟು ಇತ್ತು. ಅಷ್ಟು ಆಮ್ಲಜನಕ ಖರ್ಚಾದರೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಹೆಚ್ಚಬೇಕು. ಲೆಕ್ಕ ಹಾಕಿದರೆ ಇದ್ದದ್ದು ತೀರಾ ಕಡಿಮೆ. ಉಳಿದದ್ದು ಎಲ್ಲಿ? ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಲೇಸ್ ಬ್ರೋಕರ್ ಮತ್ತು ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಜೆಫ್ ಸೆವರಿಂಗ್‌ಹೌಸ್ ಹುಡುಕಿದರು. ಉತ್ತರ ಸಿಕ್ಕಿದ್ದು ಗೋಡೆಯಲ್ಲಿ. ಒಳಗಿನ ಕಾಂಕ್ರೀಟ್ ಅದನ್ನು ಹೀರಿ ಸುಣ್ಣದ ಕಲ್ಲಾಗಿ ಕಟ್ಟಿಕೊಂಡಿತ್ತು. ಮನೆಗೆ ಸುಣ್ಣ ಬಳಿದಾಗ ಮೊದಲು ಮೆತ್ತಗಿದ್ದದ್ದು ಕೆಲವು ದಿನಕ್ಕೆ ಗಟ್ಟಿಯಾಗಲ್ವಾ? ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಯೇ ಅದು ಗಟ್ಟಿಯಾಗೋದು. ಅದೇ ಕೆಲಸ ಇಲ್ಲೂ ನಡೆದಿತ್ತು. ಹೀಗಾಗಿ ಗಿಡಗಳಿಗೆ ಸಿಕ್ಕು ಮತ್ತೆ ಆಮ್ಲಜನಕ ಆಗಬೇಕಾದ್ದು ಗೋಡೆ ಸೇರಿಬಿಟ್ಟಿತು.

ಇದನ್ನು ಕೇಳಿ "ಹಾಗಾದ್ರೆ ಕೊಟ್ಟಿಗೆ ಗೊಬ್ಬರ ಹಾಕೋದು ತಪ್ಪಾ?" ಅಂತ ತಿಳ್ಕೋಬೇಡಿ. ತೆರೆದ ಹೊಲದಲ್ಲಿ ಮಣ್ಣು ಎಷ್ಟು ಉಸಿರಾಡಿದರೂ ಗಾಳಿ ಒಂದು ಬೀಸಿಗೆ ಸರಿಮಾಡುತ್ತೆ. ಅಲ್ಲಿ ನಮಗೆ ಕಾಣಬೇಕಾದ್ದು ಬೇರೆ: ಹಾಕಿದ ಗೊಬ್ಬರ ಮಣ್ಣಲ್ಲೇ ಕೂರಲ್ಲ, ಉರಿದು ಹೋಗುತ್ತೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕೆ.ಜಿ. ನಿಮ್ಮ ಮಣ್ಣು ಪರೀಕ್ಷೆ ಚೀಟಿಯಲ್ಲಿ ಸಾವಯವ ಇಂಗಾಲ 0.5 ಅಂತ ಇದ್ದರೆ ಆ ಎಕರೆಯಲ್ಲಿ 4,500 ಕೆ.ಜಿ. ಇಂಗಾಲ ಇದೆ ಅಂತ ಅರ್ಥ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಬರೀ 0.1 ಏರಿಸಬೇಕಂದ್ರೂ 900 ಕೆ.ಜಿ. ಇಂಗಾಲ ಮಣ್ಣಲ್ಲಿ ಉಳೀಬೇಕು. ನಮ್ಮ ಬಿಸಿಲಿಗೆ ಹಾಕಿದ್ದರಲ್ಲಿ ಹೆಚ್ಚಿನ ಪಾಲು ಉಳಿಯಲ್ಲ. ಅದಕ್ಕೇ ಒಂದು ವರ್ಷ ಹತ್ತು ಲೋಡ್ ಹೊಡೆಸಿ ಐದು ವರ್ಷ ಸುಮ್ಮನಿರೋದಕ್ಕಿಂತ, ವರ್ಷಾ ವರ್ಷಾ ಎರಡೆರಡು ಲೋಡ್ ಮತ್ತು ಮೇಲೆ ಹೊದಿಕೆ ಕೊಡೋದು ಮೇಲು.

ಪಾಲಿಹೌಸ್ ಒಳಗೆ ಮಾತ್ರ ಲೆಕ್ಕ ಬದಲಾಗುತ್ತೆ. ಮಡಿ ಮಾಡುವಾಗ ಕೆಂಪು ಮಣ್ಣಿಗೆ ಅರ್ಧ ಕಳಿತ ಗೊಬ್ಬರ, ಭತ್ತದ ಹೊಟ್ಟು ಸುರಿದು ಎರಡು ವಾರಕ್ಕೇ ಸಸಿ ನೆಡ್ತಾರೆ. ಹಸಿ ಗೊಬ್ಬರ ಬಿಸಿಯಾಗಿ ಅಮೋನಿಯ ಬಿಡುತ್ತೆ, ಮುಚ್ಚಿದ ಜಾಗದಲ್ಲಿ ಎಲೆ ಅಂಚು ಸುಡುತ್ತೆ, ಬೇರಿಗೆ ಗಾಳಿ ಸಾಲಲ್ಲ. ಹೊಟ್ಟನ್ನು ಕಳಿಸಲು ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೇ ಎಳ್ಕೋತವೆ. ಗಿಡ ಹಳದಿ ಆಯ್ತು ಅಂತ ನೀವು ಮತ್ತೆ ಯೂರಿಯಾ ಬಿಡ್ತೀರಿ.

ಗೊಬ್ಬರ ಪೂರ್ತಿ ಕಳಿತಿದೆಯಾ ಅಂತ ನೋಡೋಕೆ ಲ್ಯಾಬ್ ಬೇಡ. ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ಹದಕ್ಕೆ ಗೊಬ್ಬರ ನೆನೆಸಿ. ಎರಡು ಹಿಡಿ ತೆಗೆದು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಕಟ್ಟಿ ನೆರಳಲ್ಲಿ ಮೂರು ದಿನ ಇಡಿ. ಕವರ್ ಉಬ್ಬಿದ್ದರೆ, ಬಿಚ್ಚಿದಾಗ ಹುಳಿ ವಾಸನೆ ಅಥವಾ ಮೂಗಿಗೆ ಹೊಡೆಯುವ ಮೂತ್ರದ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಒಳಗೆ ಹಾಕಬಹುದು. ಬಯೋಸ್ಫಿಯರ್-2ರಲ್ಲಿ ನಡೆದದ್ದನ್ನೇ ನೀವು ಐದು ರೂಪಾಯಿ ಕವರಲ್ಲಿ ನೋಡಿದ ಹಾಗೆ.

ಇನ್ನು ಗಾಳಿ. ಗಿಡ ತುಂಬಿದ ಪಾಲಿಹೌಸನ್ನು ಬೆಳಗ್ಗೆ ಬಿಸಿಲು ಬಂದ ಮೇಲೂ ಮುಚ್ಚೇ ಇಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಕೆಳಗಿಳಿಯುತ್ತೆ. ಗಿಡಕ್ಕೆ ಬೆಳಕಿದೆ, ನೀರಿದೆ, ತಿನ್ನೋಕಿಲ್ಲ. ರಾತ್ರಿಯ ತೇವವೂ ಒಳಗೇ ಉಳಿದು ರೋಗ ಕರೆಯುತ್ತೆ. ಚಳಿಗಾಲದಲ್ಲೂ ಬಿಸಿಲು ಬಿದ್ದ ಕೂಡಲೇ ಪಕ್ಕದ ಪರದೆ ಸುತ್ತಿ ಮೇಲೆತ್ತಿ.

ಹುಳ ಬರಲ್ಲ ಅಂತ ಯಾರು ಹೇಳಿದ್ದು?

ಗಾಜು, ತಳದಲ್ಲಿ ಸ್ಟೀಲ್ ಹಾಳೆ, ಬಾಗಿಲಿಗೆ ಬೀಗ. ಆದರೂ ಒಳಗೆ ಆಲೂಗಡ್ಡೆ ಕೈಕೊಟ್ಟಿತು. ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಇದು ಯಾವುದೋ ಅಮೆರಿಕದ ಹುಳ ಅಂದ್ಕೋಬೇಡಿ. ನಮ್ಮ ಮೆಣಸಿನ ಗಿಡದ ಎಲೆ ದೋಣಿ ಬೋರಲು ಹಾಕಿದ ಹಾಗೆ ಕೆಳಮುಖವಾಗಿ ಮುದುಡುತ್ತಲ್ಲ, ಅದನ್ನು ಮಾಡೋದೂ ಇದೇ ಜಾತಿ ನುಸಿ. ಮೇಲ್ಮುಖ ಮುದುಡಿದರೆ ಥ್ರಿಪ್ಸ್, ಕೆಳಮುಖ ಆದರೆ ನುಸಿ. ಪಾಲಿಹೌಸ್ ದೊಣ್ಣೆಮೆಣಸಿಗೂ ಇದೇ ದೊಡ್ಡ ಶತ್ರು. ಮಳೆ ಹೊಡೆತ ಇಲ್ಲ, ತಿನ್ನುವ ಶತ್ರುಹುಳ ಇಲ್ಲ, ಬೆಚ್ಚಗೆ ತೇವ ಇದೆ, ಅದಕ್ಕೆ ಇನ್ನೇನು ಬೇಕು? ಬಯೋಸ್ಫಿಯರ್‌ನವರು ಆಲೂಗಡ್ಡೆ ಬಿಟ್ಟು ಗೆಣಸಿಗೆ ಹೋದರು. ಗೆಣಸು ತಿಂದೂ ತಿಂದೂ ಜೇನ್ ಪಾಯಿಂಟರ್ ಅವರ ಕೈ ಕಿತ್ತಳೆ ಬಣ್ಣಕ್ಕೆ ತಿರುಗಿತ್ತಂತೆ. ಬೆಳೆ ಬದಲಾಯಿಸಿದ್ದು ಮಾತ್ರ ಜಾಣತನ. ದೊಣ್ಣೆಮೆಣಸಿನ ಮೇಲೆ ದೊಣ್ಣೆಮೆಣಸು ಹಾಕುವವರು ಇದನ್ನು ಗಮನಿಸಿ.

ಒಳಗೆ ಬಿಟ್ಟಿದ್ದ ಜೇನು, ಹೂವಿನ ಹಕ್ಕಿ ಸೇರಿದಂತೆ ಪರಾಗಸ್ಪರ್ಶ ಮಾಡುವ ಜೀವಿಗಳು ಉಳಿಯಲಿಲ್ಲ. ಬೆನ್ನೆಲುಬಿರುವ 25 ಜಾತಿ ಪ್ರಾಣಿಗಳಲ್ಲಿ 19 ಅಳಿದವು. ಚೆನ್ನಾಗಿ ಬಾಳಿದ್ದು ಜಿರಲೆ ಮತ್ತು ದಿಕ್ಕೆಟ್ಟು ಓಡಾಡುವ ಹುಚ್ಚಿರುವೆ. ಪಾಲಿಹೌಸಲ್ಲಿ ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಇರುವೆಗೆ ಪುಡಿ ಹಾಕಿ ಸುಮ್ಮನಾಗಬೇಡಿ. ಅದು ಹೋಗ್ತಿರೋದು ಹಿಟ್ಟು ತಿಗಣೆ ಅಥವಾ ಹೇನು ಬಿಡುವ ಸಿಹಿ ಅಂಟಿಗೆ, ಎಲೆ ತಿರುಗಿಸಿ ನೋಡಿ. ಪರಾಗದ ವಿಷಯ ಬೀಜ ಕೊಳ್ಳುವಾಗಲೇ ಕೇಳಬೇಕು. ಪರಾಗ ಇಲ್ಲದೆ ಕಾಯಿ ಕಚ್ಚುವ ಸೌತೆ ತಳಿಗಳಿವೆ, ಅದನ್ನೇ ತಗೊಳ್ಳಿ. ಟೊಮ್ಯಾಟೊಗೆ ಗಾಳಿ ಅಲುಗಾಟ ಬೇಕು, ಒಳಗೆ ಆ ಕೆಲಸ ಆಳಿನದು, ದಿನಾ ಬೆಳಗ್ಗೆ ದಾರ ತಟ್ಟಬೇಕು. ಕಲ್ಲಂಗಡಿ, ಕರಬೂಜ ಹಾಕೋರು ಜೇನು ಒಳಗೆ ಹೇಗೆ ಬರುತ್ತೆ ಅಂತ ಮೊದಲು ಯೋಚಿಸಿ.

ಮರಗಳ ಕಥೆಯೂ ಇದೇ. ಗಾಳಿ ಬೀಸದ ಕಾರಣ ಕಾಂಡಕ್ಕೆ ಗಟ್ಟಿತನ ಬರಲಿಲ್ಲ, ಎತ್ತರ ಬೆಳೆದು ಬಾಗಿದವು. ನೆರಳು ಪರದೆಯೊಳಗೆ ಬೆಳೆಸಿದ ಸಸಿ ಹೊಲಕ್ಕೆ ಬಂದ ದಿನವೇ ತಲೆ ಹಾಕೋದು ಯಾಕೆ ಅಂತ ಗೊತ್ತಾಯ್ತಲ್ಲ. ನೆಡುವ ಮೊದಲು ಒಂದು ವಾರ, ಹತ್ತು ದಿನ ನೀರು ಕಡಿಮೆ ಮಾಡಿ, ಗಾಳಿ ಬಿಸಿಲಿಗೆ ಹಂತ ಹಂತವಾಗಿ ಬಿಡಿ.

ಅಂದರೆ ಮೇಲೊಂದು ಹೊದಿಕೆ ಹಾಕಿದ ಕೂಡಲೇ ಗಾಳಿ, ಮಳೆ, ಜೇನು, ಶತ್ರುಹುಳ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸ ನಿಮ್ಮ ತಲೆಗೆ ಬೀಳುತ್ತೆ. ಕಂತ್ರಾಟುದಾರ ಕೊಡುವ ಅಂದಾಜು ಪಟ್ಟಿಯಲ್ಲಿ ಪೈಪು, ಹಾಳೆ, ಡ್ರಿಪ್ ಇರುತ್ತೆ, ಈ ಕೆಲಸಗಳ ಕೂಲಿ ಇರಲ್ಲ. ಪೆನ್ನು ತಗೊಂಡು ನೀವೇ ಬರೆದು ಸೇರಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ಸೇರಿಸಿದ ಮೇಲೂ ಲಾಭ ಕಂಡರೆ ಧೈರ್ಯವಾಗಿ ಹಾಕಿ, ನಾನು ಬೇಡ ಅನ್ನಲ್ಲ.

ಈಗ ಅಲ್ಲಿ ಏನು ನಡೀತಿದೆ?

1994ರಲ್ಲಿ ಇನ್ನೊಂದು ತಂಡ ಒಳಗೆ ಹೋಗಿ ಆರು ತಿಂಗಳಿಗೆ ಹೊರಬಂತು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ ಕೆಲವು ವರ್ಷ ನಡೆಸಿತು, 2007ರಿಂದ ಅರಿಜೋನಾ ವಿಶ್ವವಿದ್ಯಾಲಯ. ಹಳೆಯ ಹೊಲ ಈಗಿಲ್ಲ. ಅಲ್ಲಿ 30 ಮೀಟರ್ ಉದ್ದದ ಮೂರು ಇಳಿಜಾರು ತೊಟ್ಟಿಗಳಿವೆ. ಒಂದೊಂದರಲ್ಲೂ ಒಂದು ಮೀಟರ್ ಆಳಕ್ಕೆ ಕಪ್ಪು ಬಸಾಲ್ಟ್ ಕಲ್ಲಿನ ಪುಡಿ, ಸುಮಾರು 500 ಟನ್, ಒಳಗೆ 1,800ಕ್ಕೂ ಹೆಚ್ಚು ಸೆನ್ಸರ್. ಕೃತಕ ಮಳೆ ಸುರಿಸಿ, ಬರೀ ಕಲ್ಲುಪುಡಿ ಮಣ್ಣಾಗೋದು ಹೇಗೆ ಅಂತ ನೋಡ್ತಿದ್ದಾರೆ. ಮೊದಲ ಸಲ ನೋಡಿದಾಗ ಬೋಳು ಕಪ್ಪು. ಈ ಸಲ ಅಲ್ಲಲ್ಲಿ ಹಸಿರು ಪಾಚಿ ಕಂಡಿತು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರ ಎರೆ ಭೂಮಿ ಹುಟ್ಟಿದ್ದೂ ಬಸಾಲ್ಟ್ ಕಲ್ಲಿನಿಂದಲೇ. ಒಂದು ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣು ಆಗೋಕೆ ಎಷ್ಟು ಕಾಲ ಬೇಕು ಅನ್ನೋದು ಆ ತೊಟ್ಟಿಗಳ ಮುಂದೆ ನಿಂತಾಗ ಅಂದಾಜಾಗುತ್ತೆ.

ನಮ್ಮ ರೈತರಿಗೆ ನೇರ ಉಪಯೋಗಕ್ಕೆ ಬರುವ ಪ್ರಯೋಗ ಗಾಜಿನ ಹೊರಗಿದೆ. ಗ್ರೆಗ್ ಬ್ಯಾರನ್-ಗ್ಯಾಫೋರ್ಡ್ ಎಂಬ ಪ್ರಾಧ್ಯಾಪಕರ ತಂಡ ಸೋಲಾರ್ ಫಲಕಗಳನ್ನು 3.3 ಮೀಟರ್ ಎತ್ತರಕ್ಕೆ ಏರಿಸಿ, ಅದರ ನೆರಳಲ್ಲಿ ಮೆಣಸಿನಕಾಯಿ, ಚೆರ್ರಿ ಟೊಮ್ಯಾಟೊ ಬೆಳೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಚಿಲ್ಟೆಪಿನ್ ಎಂಬ ಅಲ್ಲಿನ ಕಾಡು ಮೆಣಸು ಬಯಲಿಗಿಂತ ಮೂರು ಪಟ್ಟು, ಟೊಮ್ಯಾಟೊ ಎರಡು ಪಟ್ಟು ಕಾಯಿ ಬಿಟ್ಟವು. ಹಲಪೆನ್ಯೊ ಮೆಣಸಿನ ಇಳುವರಿ ಅಷ್ಟೇ ಇತ್ತು, ಆದರೆ ಎಲೆಯಿಂದ ಆವಿಯಾದ ನೀರು ನೂರಕ್ಕೆ 65ರಷ್ಟು ಕಡಿಮೆ. ಕೆಳಗಿನ ಗಿಡಗಳ ತಂಪಿಗೆ ಫಲಕಗಳೂ ಹಗಲಲ್ಲಿ ಸುಮಾರು 9 ಡಿಗ್ರಿ ತಣ್ಣಗಿದ್ದವು. ಅಲ್ಲಿನ ಬಿಸಿಲು ಮರುಭೂಮಿಯದು ಅನ್ನೋದು ನೆನಪಿರಲಿ. ಮೋಡ ಹೆಚ್ಚಿರುವ ಮಲೆನಾಡಿಗೆ ಇದು ಹೊಂದಲ್ಲ. ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಬೇಸಿಗೆ ಬೆಳೆಗೆ ಯೋಚಿಸಬಹುದು. ಈಗಾಗಲೇ ಪಂಪ್‌ಸೆಟ್ಟಿಗೆ ಸೋಲಾರ್ ಹಾಕಿಸಿದವರು ಕೆಳಗಿನ ನೆರಳಲ್ಲಿ ಎರಡು ಸಾಲು ಮೆಣಸಿನಕಾಯಿ, ಪಕ್ಕದ ಬಯಲಲ್ಲಿ ಎರಡು ಸಾಲು ನೆಟ್ಟು, ಒಂದೇ ನೀರು ಕೊಟ್ಟು, ಕಾಯಿ ತೂಕ ಹಾಕಿ. ಖರ್ಚಿಲ್ಲದ ಪ್ರಯೋಗ.

ಅಣ್ಣನೋ ಅಕ್ಕನೋ ಫೀನಿಕ್ಸ್‌ನಲ್ಲಿದ್ದು ನಿಮ್ಮನ್ನು ಕರೆಸಿಕೊಂಡರೆ ಅಲ್ಲಿಂದ ಕಾರಲ್ಲಿ ಎರಡು ಗಂಟೆಯ ದಾರಿ. ಬೇಸಿಗೆ ಬಿಟ್ಟು ಹೋಗಿ, ಆ್ಯಪನ್ನು ಮೊದಲೇ ಇಳಿಸಿಕೊಳ್ಳಿ, ನೀರಿನ ಬಾಟಲಿ ಮರೀಬೇಡಿ. ನೆಲದಡಿಯ ಸುರಂಗ ದಾಟಿ 'ಶ್ವಾಸಕೋಶ' ಅಂತ ಕರೆಯುವ ದೊಡ್ಡ ಗುಂಡು ಕೋಣೆಗೆ ಹೋಗುವುದನ್ನು ತಪ್ಪಿಸಬೇಡಿ. ಬಿಸಿಲಿಗೆ ಹಿಗ್ಗುವ ಗಾಳಿ ಗಾಜು ಒಡೆಯದಿರಲಿ ಅಂತ ಅಲ್ಲಿ ರಬ್ಬರ್ ಚಾವಣಿಯೇ ಮೇಲೆ ಕೆಳಗೆ ಆಗುವ ಹಾಗೆ ಮಾಡಿದ್ದಾರೆ. ಬಾಗಿಲು ತೆರೆದಾಗ ಗಾಳಿ ರಭಸಕ್ಕೆ ಟೋಪಿ ಹಾರುತ್ತೆ, ಕೈಯಲ್ಲಿ ಹಿಡ್ಕೊಳ್ಳಿ.